ಬೂದಿಗುಂಡಿಗೆ ಮೂರು ಬಾಯಿ

ಅಣ್ಣ ಗಾಜಿನ ಮೇಲೆ ಗೀರು ಎಳೆಯುವಾಗ ಯಾರೂ ಅವನನ್ನು ಮಾತಾಡಿಸಬಾರದು. ಅದು ಆ ಅಂಗಡಿಯ ಕಟ್ಟಳೆ. ಕೈ ಕೂದಲೆಳೆಯಷ್ಟು ಅಲುಗಿದರೂ ಸಾಕು, ಬಾಗಿಲಷ್ಟು ದೊಡ್ಡ ಗಾಜು ತನಗೆ ತೋಚಿದ ಕಡೆ ಸೀಳಿಕೊಂಡುಬಿಡುತ್ತದೆ. ಹಾಗಾಗಿ ತಂಗಿ ಹೊಸ್ತಿಲಲ್ಲೇ ನಿಂತಳು. ಹೆಗಲಲ್ಲಿ ನಕ್ಷೆ ಕಚೇರಿಯ ಚೀಲ, ಕೊರಳಲ್ಲಿ ಗುರುತಿನ ಚೀಟಿ. ಗೀರು ಈ ತುದಿಯಿಂದ ಆ ತುದಿಗೆ ಕಿರ್ರೆಂದು ಹೋಗಿ ಮುಟ್ಟಿತು. ಅಣ್ಣ ಗಾಜನ್ನು ಮೇಜಿನ ಅಂಚಿಗೆ ಸರಿಸಿ ಅಂಗೈಯಿಂದ ಒತ್ತಿದ. ಟಕ್ಕೆಂದು ಎರಡಾಯಿತು. ಆಮೇಲೂ ಅವನು ತಲೆ ಎತ್ತಲಿಲ್ಲ.

“ಏನು, ತಂಗಿ ಬಂದಿದ್ದಾಳೋ, ಕಚೇರಿ ಬಂದಿದೆಯೋ?”

“ಎರಡೂ ಬಂದಿದೆ ಅಣ್ಣ.”

“ಹಾಗಾದ್ರೆ ತಂಗಿ ಒಳಗೆ ಬರ್ಲಿ. ಕಚೇರಿ ಹೊರಗೇ ನಿಂತಿರ್ಲಿ.”

ಒಳಗಿನಿಂದ ಅತ್ತಿಗೆಯ ದನಿ ಬಂತು. “ಬಾ ಕಣಮ್ಮ, ಅವರ ಮಾತಿಗೆ ಯಾಕೆ ನಿಲ್ತೀಯ? ಬೆಳಿಗ್ಗೆಯಿಂದ ಗಾಜಿನ ಜೊತೆ ಬಿಟ್ಟು ಇನ್ಯಾರ ಜೊತೆಗೂ ಮಾತಾಡಿಲ್ಲ ಈ ಮಹಾನುಭಾವರು. ಆ ಗಾಜಾದ್ರೂ ಉತ್ತರ ಕೊಟ್ಟಿದ್ರೆ ನನಗೆ ಸಮಾಧಾನ ಆಗ್ತಿತ್ತು.”

ತಂಗಿ ನಗಲಿಲ್ಲ. ಅಣ್ಣನ ಮುಖ ಯಾಕೆ ಗಂಟಿಕ್ಕಿದೆ ಎನ್ನುವುದು ಅವಳಿಗೆ ಗೊತ್ತಿತ್ತು. ನಗರದ ಒಂದೊಂದು ಬಡಾವಣೆಯ ಪ್ರವೇಶದಲ್ಲೂ ಒಂದೊಂದು ಫಲಕ ನಿಲ್ಲಿಸಬೇಕೆಂದು ತೀರ್ಮಾನವಾಗಿತ್ತು. ಮೇಲೆ ದೊಡ್ಡಕ್ಷರದಲ್ಲಿ ಹೆಸರು, ಕೆಳಗೆ ಆ ಜಾಗದ ಬಗ್ಗೆ ನಾಲ್ಕು ಸಾಲು. ಕೆಲಸ ನಕ್ಷೆ ಕಚೇರಿಯ ಪಾಲಿಗೆ ಬಂದಿತ್ತು. ಇಂಥ ಕೆಲಸಕ್ಕೆ ಕಚೇರಿಯಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿಯಿದೆ. ಹೆಸರಾಗಲಿ ಸಾಲಾಗಲಿ ಅಧಿಕಾರಿಗಳ ತಲೆಯಿಂದ ಹುಟ್ಟಬಾರದು. ಅಲ್ಲಿ ವಾಸವಾಗಿರುವ ಮೂವರು ಬೇರೆಬೇರೆಯಾಗಿ ಅದನ್ನೇ ಹೇಳಬೇಕು. ಕೇಳುವವರು ತಾವಾಗಿ ಹೆಸರನ್ನು ಎತ್ತಬಾರದು, ಕೇಳಿ ಸುಮ್ಮನೆ ಕಾಯಬೇಕು. ಇದಕ್ಕೆ ಕಚೇರಿಯವರು ‘ಮೂರು ಬಾಯಿ’ ಎನ್ನುತ್ತಾರೆ. ಇನ್ನೊಂದು ನಿಯಮವೂ ಇತ್ತು: ಹುಟ್ಟಿದ ಜಾಗಕ್ಕೆ ಯಾರೂ ತಾವೇ ಹೋಗಿ ಕೇಳುವಂತಿಲ್ಲ. ತಂಗಿ ಅದನ್ನು ಮುರಿದು ಬಂದಿದ್ದಳು. ಅವಳು ಇಲ್ಲಿಯವಳೆಂದು ಕಚೇರಿಗೆ ಗೊತ್ತಿರಲಿಲ್ಲ.

“ಏನು ಬರೀತೀಯ ಆ ಫಲಕದ ಮೇಲೆ?” ಅಣ್ಣ ಕೇಳಿದ.

“ಇಲ್ಲಿರೋ ಮೂವರು ಏನು ಹೇಳ್ತಾರೋ ಅದನ್ನ.”

“ಇಲ್ಲಿರೋರು ಹೇಳೋದು ಒಂದೇ. ಬೆಳ್ಳಿಬಯಲು.”

“ನೀನು ಹೇಳಿಕೊಟ್ಟಿದ್ದೀಯಾ?”

“ಹೇಳಿಕೊಡೋಕೆ ಅವರೇನು ಒಂದನೇ ಕ್ಲಾಸಿನ ಮಕ್ಕಳಾ?”

“ಬೆಳ್ಳಿಯಂತೆ ಬೆಳ್ಳಿ!” ಅತ್ತಿಗೆ ಟೀ ಲೋಟ ಹಿಡಿದುಕೊಂಡು ಬಂದಳು. “ನಮ್ಮನೇಲಿ ಬೆಳ್ಳಿ ಅಂತ ಇರೋದು ಇವರ ತಲೆ ಮೇಲೆ ಮಾತ್ರ.”

ಅಣ್ಣನ ತುಟಿಯಂಚು ಸಡಿಲವಾಯಿತು. ಆದರೆ ಕೂಡಲೇ ಅದನ್ನು ಬಿಗಿದುಕೊಂಡು ಹೆಂಡತಿಯತ್ತ ತಿರುಗಿದ. “ನಗು ನಗು. ನಿನ್ನ ಮಗಳು ಆಸ್ಪತ್ರೆ ಕೆಲಸಕ್ಕೆ ಅಂತ ಹೋದಾಗ ವಿಳಾಸ ನೋಡಿ ಅಲ್ಲಿ ಕೂತಿದ್ದವನು ಏನಂದ? ‘ಬೂದಿಗುಂಡಿಯಿಂದಾನಾ, ಕೈ ತೊಳ್ಕೊಂಡು ಬಂದ್ಯಾಮ್ಮಾ’ ಅಂದ. ಅವಳು ಮನೆಗೆ ಬಂದು ಎರಡು ದಿನ ತುಟಿ ಬಿಚ್ಚಲಿಲ್ಲ. ಈಗ ನಮ್ಮ ಅದೃಷ್ಟಕ್ಕೆ ಒಂದು ಫಲಕ ಬರ್ತಿದೆ. ಅದರ ಮೇಲೆ ಆ ಪದ ಬೇಡ. ಅಷ್ಟೇ.”

“ಆ ಹೆಸರೂ ಹೋದ್ರೆ ಅಣ್ಣ, ನಡುವಿನವನದು ಅಂತ ಇನ್ನೇನು…”

ಅಣ್ಣ ಇನ್ನೊಂದು ಗಾಜನ್ನು ಮೇಜಿಗೆ ಎಳೆದುಕೊಂಡ. ಅಳತೆಪಟ್ಟಿ ಇಟ್ಟು ಗೀರು ಎಳೆಯತೊಡಗಿದ. ಇನ್ನು ಮಾತಾಡುವಂತಿರಲಿಲ್ಲ. ಅವಳು ಬಾಯಿಗೆ ಬಂದ ಮಾತನ್ನು ಟೀಯ ಜೊತೆ ನುಂಗಿ ಲೋಟ ಕೆಳಗಿಟ್ಟು ಎದ್ದಳು.

ಬೂದಿಗುಂಡಿ ಎಂಬ ಹೆಸರು ಆಕಾಶದಿಂದ ಉದುರಿದ್ದಲ್ಲ. ಹಿಂದೆ ನಗರಕ್ಕೆ ದೀಪ ಕೊಡುತ್ತಿದ್ದ ವಿದ್ಯುತ್ ಕಾರ್ಖಾನೆ ಕಲ್ಲಿದ್ದಲು ಉರಿಸಿ ಉಳಿದ ಬೂದಿಯನ್ನೆಲ್ಲ ಈ ತಗ್ಗಿಗೆ ತಂದು ಸುರಿಯುತ್ತಿತ್ತು. ರಾಶಿಯ ಸುತ್ತ ಮನೆಗಳೆದ್ದವು. ಆಮೇಲೆ ಕಾರ್ಖಾನೆ ಮುಚ್ಚಿತು, ಬೂದಿಯ ಮೇಲೆ ಮಣ್ಣು ಬಿತ್ತು, ಮಣ್ಣಿನ ಮೇಲೆ ಓಣಿಗಳು ಬಂದವು. ಈಚೆಗೆ ದಿಬ್ಬದ ಮೇಲೆ ಅಪಾರ್ಟ್‌ಮೆಂಟುಗಳೂ ಎದ್ದು ನಿಂತು ಕೆಳಗಿನ ಓಣಿಗಳನ್ನು ಬಗ್ಗಿ ನೋಡುತ್ತಿದ್ದವು.

ಅಣ್ಣನಿಗೂ ತಂಗಿಗೂ ನಡುವೆ ಇನ್ನೊಬ್ಬನಿದ್ದ. ಮನೆಯಲ್ಲಿ ಅವನನ್ನು ನಡುವಿನವನು ಎಂದೇ ಕರೆಯುತ್ತಿದ್ದರು. ಅವನು ಬೂದಿಯಲ್ಲಿ ಹೋದ. ಅವಳಿಗೆ ಯಾರೋ ಹೇಳಿದ್ದು ಇಷ್ಟೇ: ಬೂದಿಯಲ್ಲಿ ಹೋದ. ಹೇಗೆ ಎಂದು ಕೇಳಿದಾಗಲೆಲ್ಲ ಅಮ್ಮ ಎದ್ದು ಬೇರೇನೋ ಕೆಲಸ ಹಿಡಿಯುತ್ತಿದ್ದಳು. ಅಪ್ಪ ಗೋಡೆ ನೋಡುತ್ತಿದ್ದ. ಅವನು ಹೋದಾಗ ಅವಳಿನ್ನೂ ಎಡವಿ ನಡೆಯುವ ಕೂಸು. ಆಗಲೇ ಅವಳನ್ನು ನಗರದ ಆ ತುದಿಯಲ್ಲಿದ್ದ ಚಿಕ್ಕಮ್ಮನ ಮನೆಗೆ ಕಳಿಸಿದ್ದರು. ಮತ್ತೆ ಕರೆಸಿಕೊಳ್ಳಲಿಲ್ಲ. ತಾನು ಯಾರಿಗೂ ಬೇಡವಾದವಳು ಎಂದು ಅವಳು ಬಹಳ ವರ್ಷ ಒಳಗೊಳಗೇ ಅಂದುಕೊಂಡಿದ್ದಳು. ಹಾಗೆ ಅಂದುಕೊಂಡದ್ದನ್ನೂ ಯಾರಿಗೂ ಹೇಳಿರಲಿಲ್ಲ. ಆ ಮನೆಯ ಮಕ್ಕಳಿಗೆ ಹೇಳದಿರುವುದೇ ಅಭ್ಯಾಸ.

ನಡುವಿನವನ ಮುಖ ಅವಳಿಗೆ ನೆನಪಿರಲಿಲ್ಲ. ಇದ್ದದ್ದು ಒಂದು ಪದ. ಅದು ನಕ್ಷೆಯ ಮೇಲೆ ಸಣ್ಣಕ್ಷರದಲ್ಲಿ ಇದ್ದಷ್ಟು ದಿನ ಅವನೂ ಎಲ್ಲೋ ಇದ್ದಾನೆ ಎನ್ನಿಸುತ್ತಿತ್ತು. ಬಡಾವಣೆಗಳನ್ನು ಹಂಚುವಾಗ ಈ ತಗ್ಗನ್ನು ಅವಳೇ ಕೇಳಿ ಪಡೆದದ್ದು ಅದಕ್ಕೇ.

ಓಣಿಯ ತಿರುವಿನಲ್ಲಿ ಟೈಲರಕ್ಕನ ಮನೆ. ಅಣ್ಣನ ವಾರಿಗೆಯವಳು. ಮಿಷನ್ನಿನ ಮುಂದೆ ಕೂತು ಪರದೆಯೊಂದಕ್ಕೆ ಅಂಚು ಹೊಲಿಯುತ್ತಿದ್ದಳು.

“ಬಾರೆ ಮೇಡಮ್ಮು. ಕೊರಳಿಗೇನದು, ಬಹುಮಾನ ಬಂತಾ?”

“ಕೆಲಸದ ಮೇಲೆ ಬಂದಿದ್ದೀನಿ ಅಕ್ಕ. ಒಂದು ಮಾತು ಕೇಳ್ಬೇಕು. ನೀವಿರೋ ಈ ಜಾಗಕ್ಕೆ ಏನಂತಾರೆ?”

ಮಿಷನ್ ನಿಂತಿತು. ಟೈಲರಕ್ಕ ಗಾಜಿನಂಗಡಿಯ ದಿಕ್ಕಿಗೆ ಒಮ್ಮೆ ನೋಡಿ, ಪಾಠ ಒಪ್ಪಿಸುವಂತೆ ಹೇಳಿದಳು. “ಬೆಳ್ಳಿಬಯಲು.”

“ಈ ಜಾಗದ ಬಗ್ಗೆ ಇನ್ನೇನಾದ್ರೂ?”

“ಇನ್ನೇನು? ಚೆನ್ನಾಗಿದೆ.”

ತಂಗಿ ಸುಮ್ಮನಾದಳು. ಕೇಳಿ ಕಾಯುವುದರಲ್ಲಿ ಅವಳನ್ನು ಮೀರಿಸುವವರು ಕಚೇರಿಯಲ್ಲಿ ಇರಲಿಲ್ಲ. ಎದುರಿಗಿದ್ದವರು ಆ ಮೌನವನ್ನು ತಡೆಯಲಾರದೆ ಕೊನೆಗೆ ನಿಜವನ್ನು ತಂದು ಅದರೊಳಗೆ ಸುರಿಯುತ್ತಿದ್ದರು. ಎಷ್ಟೋ ಬೀದಿಗಳ ಹೆಸರನ್ನು ಅವಳು ಹಾಗೇ ಸಂಪಾದಿಸಿದ್ದಳು. ಆದರೆ ಇಲ್ಲಿಯವರು ಮೌನದಲ್ಲೇ ಬೆಳೆದವರು. ಟೈಲರಕ್ಕ ಸೂಜಿಗೆ ದಾರ ಪೋಣಿಸಿದಳು, ಅಂಚು ಮಡಿಸಿದಳು, ಉಗುರಿನಿಂದ ಗೆರೆ ತೀಡಿದಳು. ಹೀಗೆ ಸಂಜೆಯವರೆಗೂ ಕೂರಬಲ್ಲಳು ಎನ್ನಿಸಿತು. ಸೋತದ್ದು ತಂಗಿಯೇ.

“ಬೂದಿಗುಂಡಿ ಅಂತ ಯಾರೂ ಅನ್ನಲ್ವಾ ಅಕ್ಕ?”

ಇಷ್ಟು ವರ್ಷದ ಕೆಲಸದಲ್ಲಿ ಅವಳು ಹೀಗೆ ಎಡವಿರಲಿಲ್ಲ.

“ನೀನು ಅಂದ್ಯಲ್ಲ,” ಎಂದಳು ಟೈಲರಕ್ಕ ಮೆಲ್ಲಗೆ. ಮಿಷನ್ ಮತ್ತೆ ಓಡತೊಡಗಿತು.

ದಿಬ್ಬದ ಮೇಲೆ ಎಲ್ಲ ತಿರುಗುಮುರುಗು. ಅಪಾರ್ಟ್‌ಮೆಂಟಿನ ಕೆಳಗೆ ಹೊಸದಾಗಿ ಕಾಫಿ ಅಂಗಡಿ ತೆರೆದಿದ್ದ ಹೆಂಗಸು ಪ್ರಶ್ನೆ ಮುಗಿಯುವ ಮೊದಲೇ, “ಬೂದಿಗುಂಡಿ! ಎಷ್ಟು ಮುದ್ದಾಗಿದೆ ಅಲ್ವಾ?” ಎಂದಳು. ಅಂಗಡಿಯ ಗೋಡೆಗೆ ನೇತುಹಾಕಿದ್ದ ಬಟ್ಟೆಚೀಲಗಳ ಮೇಲೆ ಅದೇ ಹೆಸರು, ಪಕ್ಕದಲ್ಲೊಂದು ಹೊಗೆಯ ಸುರುಳಿಯ ಚಿತ್ರ. “ಹಿಂದೆ ಇಲ್ಲೆಲ್ಲ ಕಮ್ಮಾರರ ಕುಲುಮೆಗಳಿದ್ವಂತೆ. ರಾತ್ರಿಯೆಲ್ಲ ಕಿಡಿ ಹಾರ್ತಿತ್ತಂತೆ. ಬರ್ಕೊಳ್ಳಿ, ಬರ್ಕೊಳ್ಳಿ.”

“ಯಾರು ಹೇಳಿದ್ರು ನಿಮಗೆ?”

“ಯಾರೋ ಹೇಳಿದ್ರಪ್ಪ. ಎಲ್ಲರೂ ಹಾಗೇ ಅಂತಾರೆ ಇಲ್ಲಿ.”

ಅವಳು ಹೇಳಿದ್ದು ನಿಜ. ಅಪಾರ್ಟ್‌ಮೆಂಟಿನಲ್ಲಿ ಕೇಳಿದವರೆಲ್ಲ ಕುಲುಮೆಯನ್ನೂ ಕಿಡಿಯನ್ನೂ ಹೇಳಿದರು. ಮೂರು ಬಾಯಿ ಬೇಡಿದರೆ ಆರು ಸಿಕ್ಕವು. ತಂಗಿ ಮೆಟ್ಟಿಲಿಳಿದು ಬಂದಳು. ಹೆಸರು ಬೇಕೆನ್ನುವವರಿಗೆ ಅದರೊಳಗೆ ಏನಿದೆಯೆಂದು ಗೊತ್ತಿಲ್ಲ. ಗೊತ್ತಿದ್ದವರಿಗೆ ಹೆಸರು ಬೇಡ.

ಓಣಿಗಳಲ್ಲಿ ಬೆಳ್ಳಿಬಯಲಿಗೂ ಮೂರು ಬಾಯಿ ಸಿಕ್ಕಿದ್ದವು. ಎರಡು ಹೆಸರಿಗೂ ಮೂರು ಬಾಯಿ ಸಿಕ್ಕರೆ ಜನರ ಸಭೆ ಕರೆಯಬೇಕು. ಅದೂ ಕಚೇರಿಯ ಪದ್ಧತಿಯೇ. ಮುಂದಿನ ವಾರದ ಒಂದು ಸಂಜೆ ಓಣಿಯ ವಾಚನಾಲಯದಲ್ಲಿ ಬೆಂಚುಗಳು ಸಾಲದೆ ಜನ ಗೋಡೆಗೆ ಒರಗಿ ನಿಂತರು. ಮುಂದಿನ ಮೇಜಿನ ಹಿಂದೆ ನಕ್ಷೆ ಕಚೇರಿಯ ಮುಖ್ಯಸ್ಥ. ಮಾತು ಕಮ್ಮಿಯ, ಕನ್ನಡಕವನ್ನು ಒರೆಸುತ್ತಲೇ ಇರುವ ಮನುಷ್ಯ. ಕಾಯುವ ವಿದ್ಯೆಯನ್ನು ತಂಗಿಗೆ ಕಲಿಸಿದ್ದು ಅವರೇ. ಪಕ್ಕದಲ್ಲಿ ಅವಳು ಕೂತಿದ್ದಳು. ಎದುರಿಗೆ ಒಂದು ಕಡೆ ಓಣಿಯವರು, ಇನ್ನೊಂದು ಕಡೆ ದಿಬ್ಬದವರು. ಅಣ್ಣ ಮೊದಲ ಸಾಲಿನಲ್ಲಿ ಕೈಕಟ್ಟಿ ಕೂತಿದ್ದ. ಒಮ್ಮೆಯೂ ಅವಳ ಕಡೆ ನೋಡಲಿಲ್ಲ.

ಮೊದಲು ಎದ್ದವರು ಮೆಡಿಕಲ್ ಅಂಗಡಿಯವರು. ಓಣಿಯ ಸಂಘಕ್ಕೆ ಅಧ್ಯಕ್ಷರು, ಇಸ್ತ್ರಿ ಮುರಿಯದ ಅಂಗಿಯ ಮನುಷ್ಯ. ಜೇಬಿನಿಂದ ಹಾಳೆ ತೆಗೆದು ಓದಿದರು. “ಬೆಳ್ಳಿಬಯಲು. ವಿಶಾಲವಾದ ರಸ್ತೆಗಳ, ಶಾಂತ ಹಾಗೂ ಸ್ವಚ್ಛ ಬಡಾವಣೆ.”

“ಸ್ವಚ್ಛ ಅಂತ ಬರಿಯೋಕೆ ಮುಂಚೆ ಆ ಮೋರಿಗೊಂದು ಮಾತು ಹೇಳಿ ಸ್ವಾಮಿ!” ಹಿಂದಿನಿಂದ ಯಾರೋ ಕೂಗಿದರು. ನಗೆ ಎದ್ದು ಬೇಗ ಅಡಗಿತು.

ಕಾಫಿ ಅಂಗಡಿಯಾಕೆ ಎದ್ದಳು. “ಇಂಥ ಬೆಳ್ಳಿ, ಬಂಗಾರ ಎಲ್ಲ ಊರಲ್ಲೂ ಇದೆ ಸಾರ್. ಬೂದಿಗುಂಡಿ ಅನ್ನೋದರಲ್ಲಿ ಒಂದು ಸೊಗಡಿದೆ, ಇತಿಹಾಸ ಇದೆ. ಕುಲುಮೆಗಳ ಕಾಲದ್ದು…”

“ಯಾವ ಕುಲುಮೆನಮ್ಮ?” ಅಣ್ಣ ಕೂತಲ್ಲಿಂದಲೇ ಕೇಳಿದ. “ನೀವು ಬಂದದ್ದು ಮೊನ್ನೆ. ಆ ಹೆಸರು ನಿಮಗೆ ಚೀಲದ ಮೇಲಿನ ಚಿತ್ರ. ನಮಗೆ ಹಣೆ ಮೇಲಿನ ಬರೆ.”

“ನಾನೇನು ನಿಮಗೆ ಅವಮಾನ ಮಾಡಿದ್ನಾ? ಚಂದ ಇದೆ ಅಂದೆ.”

“ಅದೇ ಅವಮಾನ.”

ಆಕೆ ಕೂತಳು. ತಂಗಿ ಆಗ ಬಾಯಿ ತೆರೆದಳು. “ಹೆಸರು ಯಾವುದೇ ಆಗ್ಲಿ, ಒಂದು ಸಾಲು ಇರ್ಬೇಕು. ಇಲ್ಲಿ ವಿದ್ಯುತ್ ಕಾರ್ಖಾನೆಯ ಬೂದಿ ಸುರೀತಿದ್ರು. ಅದರಲ್ಲಿ ಜೀವ ಹೋಗಿದೆ.”

ಟೈಲರಕ್ಕ ಸೆರಗಿನ ಅಂಚನ್ನು ಹೊಲಿಗೆ ಬಿಟ್ಟಿದೆಯೇ ಎಂಬಂತೆ ತಿರುವಿ ನೋಡುತ್ತಿದ್ದಳು.

ಮುಖ್ಯಸ್ಥರು ಕನ್ನಡಕ ಹಾಕಿಕೊಂಡರು. “ಈ ಸಾಲಿಗೆ ಎಷ್ಟು ಬಾಯಿ ಸಿಕ್ಕಿದೆ?”

“ಒಂದೂ ಇಲ್ಲ ಸಾರ್.”

“ಮತ್ತೆ ಎಲ್ಲಿಂದ ಬಂತು?”

“ಎಲ್ಲಿಂದ ಬಂತು ಅಂತ ನಾನು ಹೇಳ್ತೀನಿ.” ಮೆಡಿಕಲ್‌ನವರು ಹಾಳೆಯನ್ನು ನೀಟಾಗಿ ಮಡಿಸಿದರು. “ಇವಳು ಈ ಗಾಜಿನಂಗಡಿಯವನ ತಂಗಿ. ಹುಟ್ಟಿದ್ದು ಇಲ್ಲೇ, ಎರಡನೇ ಓಣಿ. ಟೈಲರಮ್ಮನ ಹತ್ರ ಹೋಗಿ ಹೆಸರನ್ನ ತಾನೇ ಹೇಳಿ ಹೂಂ ಅನ್ನಿಸ್ಕೊಳ್ಳೋಕೆ ನೋಡಿದ್ದಾಳೆ. ಬೇಕಾದ್ರೆ ಕೇಳಿ, ಅಲ್ಲೇ ಕೂತಿದ್ದಾರೆ.”

ಟೈಲರಕ್ಕ ತಲೆ ಎತ್ತಲಿಲ್ಲ. ಹೌದೆನ್ನಲು ಅಷ್ಟು ಸಾಕಾಗಿತ್ತು.

“ನಿಜವಾ?” ಮುಖ್ಯಸ್ಥರು ತಂಗಿಯತ್ತ ತಿರುಗಿದರು.

“ನಿಜ ಸಾರ್.”

“ಕಚೇರಿಗೆ ಕೊಟ್ಟ ವಿಳಾಸ?”

“ಚಿಕ್ಕಮ್ಮನ ಮನೇದು. ಹುಟ್ಟಿದ ಜಾಗ ಅನ್ನೋ ಕಡೆಯೂ ಅದನ್ನೇ ಬರೆದೆ.”

“ಯಾಕೆ?”

ಅವರು ಕೇಳಿ ಕಾದರು. ಆ ಕಾಯುವಿಕೆಯ ಒಳಗಿನ ಯಂತ್ರವೆಲ್ಲ ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ತಪ್ಪಿಸಿಕೊಳ್ಳಲಾಗಲಿಲ್ಲ.

“ಬೂದಿಗುಂಡಿ ಅಂತ ಬರೆಯೋಕೆ ನಾಚಿಕೆಯಾಗಿತ್ತು.”

ಹೇಳಿದ ಮೇಲೆ ತಾನು ಮಾಡಿದ್ದೇನೆಂದು ಅವಳಿಗೆ ಹೊಳೆಯಿತು. ಅಣ್ಣ ವರ್ಷಗಟ್ಟಲೆ ಹೇಳುತ್ತ ಬಂದದ್ದನ್ನು ಇವಳು ಒಂದೇ ಮಾತಿನಲ್ಲಿ ರುಜುವಾತು ಮಾಡಿಕೊಟ್ಟಿದ್ದಳು. ಅವನು ಗೆದ್ದ ಮುಖ ಮಾಡಬಹುದಿತ್ತು. ಅವಳು ಹೆದರಿ ಹೆದರಿ ಆ ಕಡೆ ನೋಡಿದಳು. ಅವನು ನೋಡುತ್ತಿದ್ದದ್ದು ಮೆಡಿಕಲ್‌ನವರನ್ನು.

“ಅದನ್ನ ನೀವು ಹೇಳ್ಬೇಕಾಗಿರಲಿಲ್ಲ.”

“ಅಲ್ಲಯ್ಯ, ನಿನ್ನ ಪರವಾಗೇ ಅಲ್ವಾ ನಾನು ಮಾತಾಡಿದ್ದು?”

“ನನ್ನ ತಂಗಿ ಹತ್ತು ಜನರೆದುರು ತಲೆ ತಗ್ಗಿಸೋದು ನನ್ನ ಪರ ಹೇಗಾಗತ್ತೆ?”

ಮುಖ್ಯಸ್ಥರು ಮೇಜು ತಟ್ಟಿದರು. ಕೈ ಎತ್ತಿಸಿದರು. ಓಣಿಯವರ ಕೈಗಳ ಮುಂದೆ ದಿಬ್ಬದವರ ಕೈಗಳು ಕಡಿಮೆಬಿದ್ದವು. ಅಣ್ಣನ ಕೈ ಎಲ್ಲರಿಗಿಂತ ಕೊನೆಗೆ ಎದ್ದಿತು, ಆದರೆ ಎದ್ದಿತು. ಹೆಸರು ಬೆಳ್ಳಿಬಯಲು ಎಂದಾಯಿತು. “ವಿವರಣೆಗೆ ಇವರು ಕೇಳಿ ತಂದದ್ದೆಲ್ಲ ರದ್ದು,” ಎಂದರು ಮುಖ್ಯಸ್ಥರು. “ನಾಳೆ ಬೆಳಿಗ್ಗೆ ನಾನೇ ಬಂದು ಹೊಸದಾಗಿ ಕೇಳ್ತೀನಿ. ಮೂರು ಬಾಯಿ ಸಿಗದ ಸಾಲು ಇರಲ್ಲ.” ಎದ್ದು ಹೋಗುವಾಗ ಅವಳ ಬಳಿ ನಿಂತು, ಇತರರಿಗೆ ಕೇಳದಂತೆ, “ಇನ್ನು ನೀವು ಬೀದಿಗಿಳಿಯೋದು ಬೇಡ. ಒಳಗೆ ಕೂತು ಅಕ್ಷರ ಜೋಡಿಸೋ ಕೆಲಸ ನೋಡ್ಕೊಳ್ಳಿ,” ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು.

ಅಣ್ಣ ವಾಚನಾಲಯದ ಮೆಟ್ಟಿಲ ಕೆಳಗೆ ಕಾದಿದ್ದ. ಇಬ್ಬರೂ ಓಣಿಯುದ್ದಕ್ಕೂ ನಡೆದರು. ಎದುರಾದವರು ಏನೋ ಹೇಳಲು ಬಂದು ಇವರ ಮುಖ ನೋಡಿ ಪಕ್ಕಕ್ಕೆ ಸರಿದರು.

“ನಾಚಿಕೆ ಆಗ್ತಿತ್ತು ಅಂದ್ಯಲ್ಲ,” ಅಣ್ಣ ಕೊನೆಗೆ ಹೇಳಿದ. “ಮತ್ತೆ ಅದನ್ನೇ ಹಿಡ್ಕೊಂಡು ಯಾಕೆ ಇಷ್ಟು ಜಗ್ಗಾಡ್ತೀಯ?”

“ನಿನ್ನ ಹತ್ರ ಅವನಿದ್ದಾನೆ ಅಣ್ಣ. ನನ್ನ ಹತ್ರ ಆ ಹೆಸರೊಂದೇ ಇದ್ದದ್ದು.”

ಅವನು ಹೆಜ್ಜೆ ತಪ್ಪಿದವನಂತೆ ಒಂದು ಕ್ಷಣ ನಿಂತ. ಮಾತಾಡುತ್ತಾನೆ ಎಂದುಕೊಂಡಳು. “ಊಟ ಮಾಡಿ ಇಲ್ಲೇ ಮಲಕ್ಕೋ. ನಿಮ್ಮತ್ತಿಗೆ ಹಾಸಿಗೆ ಹಾಕಿರ್ತಾಳೆ,” ಎಂದು ಮುಂದೆ ನಡೆದ. ಊಟದ ಹೊತ್ತಿಗೂ ಮನೆಯಲ್ಲಿ ತಟ್ಟೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅತ್ತಿಗೆ ಮಾತ್ರ ಬಡಿಸುತ್ತ, “ಒಬ್ಬರಾದ್ರೂ ಉಪ್ಪು ಕಮ್ಮಿ ಅಂತಾದ್ರೂ ಅನ್ನಿ. ಮಾತಾಡದ ಜನಕ್ಕೆ ಬಡಿಸಿ ಬಡಿಸಿ ನನ್ನ ಕೈ ಮೂಕಾಗಿದೆ,” ಎಂದಳು.

ಬೆಳಿಗ್ಗೆ ಮುಖ್ಯಸ್ಥರು ಬಂದಾಗ ಅಣ್ಣ ಆಗಷ್ಟೇ ಅಂಗಡಿಯ ಬಾಗಿಲು ಎತ್ತಿದ್ದ. ತಂಗಿ ಮೆಟ್ಟಿಲ ಮೇಲೆ ಕೂತಿದ್ದಳು. ಅವರು ಅವಳನ್ನು ನೋಡಿದರು, ಹೋಗೆನ್ನಲಿಲ್ಲ. ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು, ಅಷ್ಟೇ. ಆಮೇಲೆ ಅಣ್ಣನ ಕಡೆ ತಿರುಗಿದರು.

“ನೀವಿರೋ ಈ ಜಾಗದ ಬಗ್ಗೆ ಏನು ಹೇಳ್ತೀರಿ?”

ಅಣ್ಣ ಅಂಗೈಗಳನ್ನು ನೋಡಿಕೊಂಡ. ಗಾಜು ಕೊಯ್ದ ಹಳೆಯ ಗೆರೆಗಳು ಅಲ್ಲಿ ತುಂಬ ಇದ್ದವು. ಮುಖ್ಯಸ್ಥರು ಕಾದರು. ಎದುರಿನ ಮೆಡಿಕಲ್ ಅಂಗಡಿಯವರು ಕಪಾಟಿನ ಧೂಳು ಕೊಡವುತ್ತ ಈ ಕಡೆಗೇ ಕಣ್ಣಿಟ್ಟಿದ್ದರು. ಅಣ್ಣ ‘ಶಾಂತ, ಸ್ವಚ್ಛ’ ಎಂದು ಹೇಳಿ ಮುಗಿಸಿಬಿಡುತ್ತಾನೆಂದು ತಂಗಿ ಅಂದುಕೊಂಡಳು. ಅವನಿಗೂ ಹಾಗೇ ಹೇಳಿ ಮುಗಿಸುವ ಮನಸ್ಸಿತ್ತೋ ಏನೋ, ಎರಡು ಸಲ ತುಟಿ ಬಿಚ್ಚಿ ಮುಚ್ಚಿದ.

“ಬೂದಿ ರಾಶಿಯಲ್ಲಿ ಅರ್ಧ ಉರಿದ ಕಲ್ಲಿದ್ದಲು ಸಿಗೋದು ಸಾರ್,” ಎಂದ ಕೊನೆಗೆ. “ಎಲ್ಲ ಮನೆ ಒಲೆಗೂ ಅದೇ. ರಾಶಿ ಮೇಲೆ ತಣ್ಣಗೆ, ಗಟ್ಟಿಯಾಗಿ ಕಾಣೋದು. ಒಳಗೆ ಕೆಂಡ. ದೊಡ್ಡೋರು ಹತ್ತಿದ್ರೆ ಕುಸಿಯೋದು. ಅದಕ್ಕೆ ಪ್ರತಿ ಮನೆಯೋರೂ ತಮ್ಮಲ್ಲಿ ಹಗುರವಾಗಿರೋ ಮಗೂನ ಹತ್ತಿಸ್ತಿದ್ರು. ಸೊಂಟಕ್ಕೊಂದು ಹಗ್ಗ ಕಟ್ಟಿ ಕೆಳಗೆ ಒಬ್ಬರು ಹಿಡ್ಕೊಂಡು ನಿಲ್ಲೋದು. ಎಲ್ಲರೂ ಹಾಗೇ ಮಾಡ್ತಿದ್ರು. ತಪ್ಪು ಅಂತ ಯಾರಿಗೂ ಅನ್ನಿಸಿರಲಿಲ್ಲ. ನಾನೂ ಹತ್ತಿದ್ದೆ. ನಾನು ಭಾರ ಆದ ಮೇಲೆ ನಮ್ಮ ನಡುವಿನವನು ಹತ್ತಿದ.”

ಮುಖ್ಯಸ್ಥರು ಬರೆಯುವುದನ್ನು ನಿಲ್ಲಿಸಿದ್ದರು.

“ಹಗ್ಗ ನಮ್ಮಪ್ಪನ ಕೈಯಲ್ಲಿತ್ತು. ಜಗ್ಗಿದ. ಹಗ್ಗ ಮಾತ್ರ ಬಂತು. ತುದಿ ಉರೀತಿತ್ತು.”

ಅಣ್ಣ ತಂಗಿಯತ್ತ ತಿರುಗಲಿಲ್ಲ. ಆದರೆ ಮುಂದಿನ ಮಾತು ಅವಳಿಗೇ ಸೇರಿದ್ದು ಎನ್ನುವುದು ಅವನ ಬೆನ್ನಿನಿಂದಲೇ ಗೊತ್ತಾಗುತ್ತಿತ್ತು.

“ಅವನಾದ ಮೇಲೆ ಮನೇಲಿ ಹಗುರವಾಗಿ ಉಳಿದೋಳು ಇವಳೊಬ್ಬಳೇ ಸಾರ್. ಇನ್ನೊಂದೆರಡು ವರ್ಷಕ್ಕೆ ಇವಳ ಸರದಿ. ಒಲೆ ಉರೀಬೇಕಲ್ಲ. ನಮ್ಮಮ್ಮ ಯಾರನ್ನೂ ಕೇಳದೆ ಇವಳನ್ನ ಎತ್ತಿಕೊಂಡು ಹೋಗಿ ಚಿಕ್ಕಮ್ಮನ ಮನೇಲಿ ಬಿಟ್ಟು ಬಂದ್ಲು. ವಾಪಸ್ ಕರ್ಕೊಂಡು ಬಂದ್ರೆ ಎಲ್ಲಿ ಹತ್ತಿಸ್ತಾರೋ ಅಂತ ಸಾಯೋವರೆಗೂ ಕರ್ಕೊಂಡು ಬರಲಿಲ್ಲ. ಕಾರ್ಖಾನೆ ಮುಚ್ಚಿದ ಮೇಲೂ ಆ ಹೆದರಿಕೆ ಹೋಗಲಿಲ್ಲ ಅವಳಿಗೆ.”

ತಂಗಿ ಮೆಟ್ಟಿಲ ಕಲ್ಲನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಅಮ್ಮ ಚಿಕ್ಕಮ್ಮನ ಮನೆಗೆ ಬಂದಾಗಲೆಲ್ಲ ಅವಳನ್ನು ಎತ್ತಿ ಎತ್ತಿ ನೋಡುತ್ತಿದ್ದದ್ದು, ಎಷ್ಟು ಭಾರವಾದೆ ಎಂದು ಕಣ್ಣು ತುಂಬಿ ನಗುತ್ತಿದ್ದದ್ದು, ತಾನು ಮೈ ಕೊಸರಿಕೊಂಡು ಇಳಿದು ಓಡುತ್ತಿದ್ದದ್ದು, ಎಲ್ಲ ಒಟ್ಟಿಗೆ ನುಗ್ಗಿ ಬಂತು. ಅಳು ಬರಲಿಲ್ಲ. ಅಮ್ಮನ ಮೇಲೆ ಇಷ್ಟು ವರ್ಷ ಹೊತ್ತುಕೊಂಡಿದ್ದ ಕೋಪವನ್ನು ಈಗ ಎಲ್ಲಿಡುವುದೆಂದು ತೋಚಲಿಲ್ಲ.

“ಹೆಸರು ಬೆಳ್ಳಿಬಯಲೇ ಇರ್ಲಿ,” ಅಣ್ಣ ಹೇಳುತ್ತಿದ್ದ. “ಆ ಪದಾನ ನನ್ನ ಮಗಳು ದಿನಾ ಹೊರೋದು ಬೇಡ. ಆದ್ರೆ ಕೆಳಗಿನ ಸಾಲಲ್ಲಿ ಇದನ್ನ ಬರೀರಿ. ಹಗುರವಾದ ಮಕ್ಕಳನ್ನ ಹತ್ತಿಸ್ತಿದ್ರು ಅಂತ.”

“ಇದು ಒಂದು ಬಾಯಿ,” ಎಂದರು ಮುಖ್ಯಸ್ಥರು.

“ಎರಡನೇದು ನನ್ನದು.” ಟೈಲರಕ್ಕ ಯಾವಾಗ ಬಂದು ನಿಂತಿದ್ದಳೋ, ಹೆಗಲ ಮೇಲೆ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. “ಬೇರೆ ಕೇಳ್ಬೇಕು ಅಂದ್ರೆ ನಮ್ಮನೆಗೆ ಬನ್ನಿ. ಹೇಗೆ ಹತ್ತಿದ್ದೆ, ಎಷ್ಟು ಸಲ ಹತ್ತಿದ್ದೆ, ಯಾರು ಹಗ್ಗ ಹಿಡೀತಿದ್ರು ಎಲ್ಲ ಹೇಳ್ತೀನಿ. ಇವಳು ಅವತ್ತು ಕೇಳಿದಾಗ್ಲೇ ಗಂಟಲಿಗೆ ಬಂದಿತ್ತು. ಅಭ್ಯಾಸಬಲ, ನುಂಗಿಬಿಟ್ಟೆ.”

ಮುಖ್ಯಸ್ಥರು ಅವಳ ಮನೆಗೆ ಹೋಗಿ ಬರೆದುಕೊಂಡು ಬಂದರು. “ಇನ್ನೊಂದು ಬೇಕು,” ಎಂದರು. ಓಣಿಯ ಹಳಬರಲ್ಲಿ ಹತ್ತಿದವರೆಂದು ಉಳಿದಿದ್ದವರು ಹೆಚ್ಚು ಜನರಿರಲಿಲ್ಲ. ಕೆಲವರು ತೀರಿಹೋಗಿದ್ದರು, ಕೆಲವರು ಬೇರೆ ಕಡೆ ಹೋಗಿ ತಾವು ಇಲ್ಲಿಯವರೆಂದು ಹೇಳಿಕೊಳ್ಳುವುದನ್ನೇ ಬಿಟ್ಟಿದ್ದರು. ಅಣ್ಣನಿಗೂ ಟೈಲರಕ್ಕನಿಗೂ ಒಟ್ಟಿಗೇ ಹೊಳೆಯಿತೆಂದು ಕಾಣುತ್ತದೆ, ಇಬ್ಬರೂ ರಸ್ತೆಯಾಚೆ ನೋಡಿದರು. ಮೆಡಿಕಲ್‌ನವರು ಥಟ್ಟನೆ ಬೆನ್ನು ತಿರುಗಿಸಿ ಡಬ್ಬಿಗಳನ್ನು ಜೋಡಿಸತೊಡಗಿದರು.

“ಅವರು ಹೇಳಲ್ಲ,” ಎಂದಳು ಟೈಲರಕ್ಕ.

ಅಣ್ಣ ರಸ್ತೆ ದಾಟಿದ.

ತಂಗಿ ಮೆಟ್ಟಿಲ ಮೇಲೆಯೇ ಉಳಿದಳು. ಅವಳಿಗೆ ಆ ಕಡೆ ಹೋಗುವ ಹಕ್ಕಿರಲಿಲ್ಲ. ನಡುವೆ ಲಾರಿಗಳು, ಬಸ್ಸುಗಳು. ಒಂದೂ ಮಾತು ಕೇಳಿಸುತ್ತಿರಲಿಲ್ಲ. ಅಣ್ಣ ಔಷಧಿಯ ಗಲ್ಲಾದ ಮುಂದೆ ನಿಂತದ್ದು ಕಂಡಿತು. ಮೆಡಿಕಲ್‌ನವರು ಕೈಯಾಡಿಸಿ ಏನೋ ಹೇಳಿದರು, ತಲೆ ಅಡ್ಡಡ್ಡ ಆಡಿಸಿದರು, ಗಿರಾಕಿಯೊಬ್ಬರಿಗೆ ಪೊಟ್ಟಣ ಕೊಟ್ಟರು. ಅಣ್ಣ ಜಗ್ಗಲಿಲ್ಲ. ವಾದಿಸಿದಂತೆಯೂ ಕಾಣಲಿಲ್ಲ. ಸುಮ್ಮನೆ ನಿಂತಿದ್ದ. ಮುಖ್ಯಸ್ಥರು ಹೋಗಿ ಅವನ ಪಕ್ಕದಲ್ಲಿ ನಿಂತು ಒಂದು ಸಲ ತುಟಿಯಾಡಿಸಿದರು. ಪ್ರಶ್ನೆ ಕೇಳಿರಬೇಕು. ಅಣ್ಣನ ಹೆಗಲು ಮುಟ್ಟಿ ಹೊರಗೆ ಕಳಿಸಿದರು. ಅವನು ರಸ್ತೆಯಂಚಿಗೆ ಬಂದು ಬೆನ್ನು ತೋರಿಸಿ ನಿಂತ.

ಒಂದು ಬಸ್ಸು ಅಡ್ಡ ಬಂದು ನಿಂತಿತು. ಅದು ಸರಿದಾಗ ಮೆಡಿಕಲ್‌ನವರು ಗಲ್ಲಾದ ಮೇಲೆ ಎರಡೂ ಕೈ ಊರಿ ತಲೆ ತಗ್ಗಿಸಿದ್ದರು. ತುಟಿ ಅಲುಗುತ್ತಿತ್ತೋ ಇಲ್ಲವೋ ಇಷ್ಟು ದೂರದಿಂದ ಹೇಳುವಂತಿರಲಿಲ್ಲ. ಆಮೇಲೆ ಅವರು ನೆಟ್ಟಗಾದರು. ಇಸ್ತ್ರಿಯ ಅಂಗಿಯ ಮೇಲೆ, ಸೊಂಟದ ಸುತ್ತ, ಒಂದು ಕೈ ನಿಧಾನವಾಗಿ ಹಿಂದಿನಿಂದ ಮುಂದಕ್ಕೆ ಬಂತು. ಇನ್ನೊಂದು ಕೈ ಅದನ್ನು ಕೂಡಿಕೊಂಡು ಹೊಕ್ಕುಳ ಹತ್ತಿರ ಬಿಗಿಯಾಗಿ ಗಂಟು ಹಾಕಿತು.

ಮುಖ್ಯಸ್ಥರ ಪೆನ್ನು ಆಡತೊಡಗಿತು.